ಎರಡನೆಯ ಪ್ರತಿ ಎಲ್ಲಿದೆ?

ಪರೀಕ್ಷೆಯ ಫಲಿತಾಂಶವನ್ನು ಶಾಲೆಯ ಗೋಡೆಯ ಹಲಗೆಗೆ ಅಂಟಿಸುತ್ತಿದ್ದ ಕಾಲವೊಂದಿತ್ತು. ಆ ಹಾಳೆಯ ಮುಂದೆ ನೂರಾರು ಮಂದಿ ಮುಗಿಬೀಳುತ್ತಿದ್ದರು; ಒಬ್ಬರ ಭುಜದ ಮೇಲಿಂದ ಇನ್ನೊಬ್ಬರು ಇಣಿಕಿ ನೋಡುತ್ತಿದ್ದರು; ಅಂಗಿಯ ಗುಂಡಿಗಳು ಕಿತ್ತುಹೋಗುತ್ತಿದ್ದುವು. ಆದರೆ ಒಂದು ಮಾತನ್ನು ಒಪ್ಪಬೇಕು: ನೋಡುವವರು ಹೆಚ್ಚಾದರೆಂದು ಆ ಹಾಳೆಯ ಮೇಲಿನ ಅಕ್ಷರಗಳು ಅಳಿಸಿಹೋದುದಿಲ್ಲ. ಈಗ ಹಾಗಲ್ಲ. ಫಲಿತಾಂಶ ಪ್ರಕಟವಾಗುವುದೆಂದು ಸಾರಿದ ಗಳಿಗೆಗೆ ಸರಿಯಾಗಿ ಲಕ್ಷಾಂತರ ವಿದ್ಯಾರ್ಥಿಗಳು ಮನೆಯಲ್ಲಿ ಕುಳಿತೇ ಮೊಬೈಲಿನ ಮೇಲೆ ಬೆರಳೊತ್ತುತ್ತಾರೆ. ತೆರೆಯ ಮೇಲೆ ಸಣ್ಣದೊಂದು ಚಕ್ರ ತಿರುಗುತ್ತದೆ, ತಿರುಗುತ್ತಲೇ ಇರುತ್ತದೆ. ಅರ್ಧ ಗಂಟೆ ಕಳೆದ ಮೇಲೆ ಯಾರೋ ಒಬ್ಬರು, "ಸರ್ವರ್ ಡೌನ್ ಆಗಿದೆಯಂತೆ" ಎನ್ನುತ್ತಾರೆ. ಮಳೆ ಬಂದಿದೆಯಂತೆ ಎನ್ನುವಷ್ಟೇ ಸಹಜವಾಗಿ ಹೇಳುತ್ತಾರೆ. ಕೇಳಿದವರೂ ಹಾಗೆಯೇ ಕೇಳಿ ಸುಮ್ಮನಾಗುತ್ತಾರೆ.

ಈ ಸುಮ್ಮನಾಗುವುದನ್ನು ಕುರಿತೇ ನಮ್ಮ ತಕರಾರು. ಫಲಿತಾಂಶ ಒಂದು ಗಂಟೆ ತಡವಾದರೆ ಯಾರ ಪ್ರಾಣವೂ ಹೋಗದು, ನಿಜ. ಆದರೆ ಇಂದು ಕಾಲೇಜಿನ ಸೀಟು, ವಿದ್ಯಾರ್ಥಿವೇತನ, ನೌಕರಿಯ ಅರ್ಜಿ, ರೈಲಿನ ಟಿಕೆಟು ಎಲ್ಲವೂ ಇದೇ ಬಾಗಿಲಿನಿಂದ ಬರಬೇಕಾಗಿದೆ. ನಮಗೆ ಪರಿಚಯದ ಹುಡುಗಿಯೊಬ್ಬಳು ಅರ್ಜಿ ಸಲ್ಲಿಸಲು ಕೊನೆಯ ದಿನವಾಗಿದ್ದಂದು ಸಂಜೆ ಆರರಿಂದ ಮಧ್ಯರಾತ್ರಿಯವರೆಗೂ ತಿರುಗುವ ಚಕ್ರವನ್ನು ನೋಡುತ್ತ ಕುಳಿತಿದ್ದುದನ್ನು ನಾವು ಬಲ್ಲೆವು. ಹನ್ನೆರಡು ಹೊಡೆಯಿತು, ಅವಧಿ ಮುಗಿಯಿತು. ಸಂಸ್ಥೆಯ ಹೆಸರು ಇಲ್ಲಿ ಬೇಡ. ಅಂಥ ಸಂಸ್ಥೆ ಅದೊಂದೇ ಅಲ್ಲ. "ಕೊನೆಯ ದಿನದವರೆಗೆ ಏಕೆ ಕಾದೆ?" ಎಂದು ಅವಳನ್ನು ಗದರಿದವರಿದ್ದರು. ಸರ್ವರನ್ನು ಕಟ್ಟಿದವರನ್ನು ಯಾರೂ ಏನೂ ಕೇಳಲಿಲ್ಲ. ಅವರನ್ನು ಏನೆಂದು ಕೇಳಬೇಕೆಂಬುದು ನಮ್ಮಲ್ಲಿ ಬಹುಮಂದಿಗೆ ತಿಳಿಯದಿರುವುದೇ ಅದಕ್ಕೆ ಕಾರಣವೆಂದು ನಮಗೆ ತೋರುತ್ತದೆ.

ಮೊದಲು ವಸ್ತುವನ್ನು ನೋಡೋಣ. ವೆಬ್‌ಸೈಟ್ ಎಂಬುದು ಕೊನೆಗೂ ಎಲ್ಲೋ ಒಂದು ಕೋಣೆಯಲ್ಲಿ ಹಗಲಿರುಳೂ ನಡೆಯುತ್ತಿರುವ ಕಂಪ್ಯೂಟರಿನ ಕೆಲಸ. ನಾವು ಕೇಳಿದ ಪುಟವನ್ನು ಸಿದ್ಧಪಡಿಸಿ ಕಳುಹಿಸುವ ಆ ಕಂಪ್ಯೂಟರಿಗೆ ಸರ್ವರ್ ಎಂದು ಹೆಸರು, ಬಡಿಸುವವನು ಎಂದರ್ಥ. ಒಂದು ಸೈಟಿಗೆ ಒಂದು ಯಂತ್ರವೆಂದು ಕೊಂಡಿಟ್ಟರೆ ಅದು ವರ್ಷದ ಬಹುಪಾಲು ದಿನ ಸೋಮಾರಿಯಾಗಿ ಕುಳಿತಿರುತ್ತದೆ; ಜನ ನುಗ್ಗಿದ ದಿನ ಉಸಿರುಕಟ್ಟಿ ಬೀಳುತ್ತದೆ. ಈ ದುಂದುಗಾರಿಕೆಗೆ ಪರಿಹಾರವಾಗಿ ಬಂದುದು ವರ್ಚುವಲ್ ಸರ್ವರ್, ಅಂದರೆ ತೋರಿಕೆಯ ಸರ್ವರ್. ಹೊಸ ಸರಕೆಂದು ಇದನ್ನು ಮಾರುವವರಿದ್ದರೂ ಕಲ್ಪನೆ ಹಳೆಯದೇ. 1960ರ ದಶಕದ ಮಧ್ಯಭಾಗದಲ್ಲಿ ಅಮೆರಿಕದ ಕೇಂಬ್ರಿಜ್ ಪಟ್ಟಣದಲ್ಲಿದ್ದ ಐಬಿಎಂ ಸಂಸ್ಥೆಯ ವಿಜ್ಞಾನ ಕೇಂದ್ರದಲ್ಲಿ ರಾಬರ್ಟ್ ಕ್ರೀಸಿ ಮತ್ತು ಅವರ ಸಂಗಡಿಗರು ಸಿಪಿ-40 ಎಂಬ ವ್ಯವಸ್ಥೆಯನ್ನು ರಚಿಸಿದರು. ಅದು ಒಂದೇ ಯಂತ್ರವನ್ನು 14 ಯಂತ್ರಗಳಂತೆ ತೋರುವ ಹಾಗೆ ಮಾಡುತ್ತಿತ್ತು; ಪ್ರತಿಯೊಬ್ಬ ಉಪಯೋಗಿಯೂ ಇಡೀ ಯಂತ್ರ ತನ್ನೊಬ್ಬನದೇ ಎಂದು ಭಾವಿಸಿ ಕೆಲಸ ಮಾಡಬಹುದಾಗಿತ್ತು.

ನಮ್ಮ ಹಳೆಯ ಬೆಂಗಳೂರಿನ ವಠಾರವನ್ನು ಕಂಡವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಹದಿನಾಲ್ಕು ಸಂಸಾರ, ಹದಿನಾಲ್ಕು ಬಾಗಿಲು, ಹದಿನಾಲ್ಕು ಬೀಗ. ಒಬ್ಬರ ಮನೆಯ ಸಾರು ಕದಡಿದರೆ ಇನ್ನೊಬ್ಬರಿಗೆ ತೊಂದರೆಯಿಲ್ಲ. ಯಾವ ಸಂಸಾರಕ್ಕೆ ಎಷ್ಟು ಹೊತ್ತು ನಲ್ಲಿ, ಎಷ್ಟು ಜಾಗ ಎಂಬುದನ್ನು ಹಂಚಿಕೊಡುವ ವಠಾರದ ಯಜಮಾನನಂತೆ ಇಲ್ಲಿ ಹೈಪರ್‌ವೈಸರ್ ಎಂಬ ಪ್ರೋಗ್ರಾಮು ಇರುತ್ತದೆ. ಅದು ಒಂದು ದೊಡ್ಡ ಯಂತ್ರದ ಸ್ಮೃತಿಯನ್ನೂ ಲೆಕ್ಕಮಾಡುವ ಶಕ್ತಿಯನ್ನೂ ಪಾಲುಮಾಡಿ ಕೊಡುತ್ತದೆ. 2006ರ ಆಗಸ್ಟ್‌ನಲ್ಲಿ ಅಮೆಜಾನ್ ಸಂಸ್ಥೆಯು ಇಂಥ ತೋರಿಕೆಯ ಸರ್ವರುಗಳನ್ನು ಗಂಟೆಗೆ ಹತ್ತು ಸೆಂಟಿನಂತೆ ಬಾಡಿಗೆಗೆ ಕೊಡತೊಡಗಿತು. ಅಂದಿನಿಂದ ಯಂತ್ರವನ್ನು ಕಣ್ಣಿನಿಂದ ಕಾಣದೆಯೇ, ಇದ್ದಲ್ಲಿಂದಲೇ ಹತ್ತು ಸರ್ವರುಗಳನ್ನು ಹಿಡಿಯುವುದೂ ಕೆಲಸ ಮುಗಿದ ಮೇಲೆ ಬಿಟ್ಟುಬಿಡುವುದೂ ಸಾಧ್ಯವಾಯಿತು. ಈ ಏರ್ಪಾಟಿಗೆ 'ಮೋಡ' ಎಂಬ ಹೆಸರು ಬಿದ್ದಿದೆ. ಹೆಸರಿಟ್ಟವರು ಕವಿಗಳಿರಬೇಕು. ಆದರೆ ಆ ಹೆಸರಿನಿಂದ ಒಂದು ಕೇಡೂ ಆಗಿದೆ. ಅದನ್ನು ಮುಂದೆ ನೋಡೋಣ.

ಸರ್ವರುಗಳು ಹತ್ತಾದ ಮೇಲೆ ಅವು ಕೂಡಿ ಕೆಲಸ ಮಾಡುವುದು ಹೇಗೆ? ಮದುವೆಯ ಮನೆಯ ಪಂಕ್ತಿಯನ್ನು ನೆನೆಯಿರಿ. ಉಣ್ಣುವವರು ಹೆಚ್ಚಾದರೆ ಬಡಿಸುವವರನ್ನು ಹೆಚ್ಚಿಸುತ್ತೇವೆ. ಯಾರು ಯಾವ ಸಾಲಿಗೆ ಹೋಗಬೇಕೆಂದು ಬಾಗಿಲಲ್ಲಿ ನಿಂತು ಹೇಳುವವನೊಬ್ಬ ಬೇಕು. ಲೋಡ್ ಬ್ಯಾಲೆನ್ಸರ್ ಎಂಬುದರ ಕೆಲಸ ಅದೇ. ಅದು ಪ್ರತಿಯೊಂದು ಸರ್ವರನ್ನೂ ಕೆಲವು ಸೆಕೆಂಡುಗಳಿಗೊಮ್ಮೆ 'ಇದ್ದೀಯಾ?' ಎಂದು ಕೇಳುತ್ತಿರುತ್ತದೆ. ಉತ್ತರ ಬಾರದಿದ್ದರೆ ಅದರ ಕಡೆಗೆ ಯಾರನ್ನೂ ಕಳುಹಿಸುವುದಿಲ್ಲ. ಆದರೆ ಇದರಲ್ಲೊಂದು ತೊಡಕಿದೆ. ಉಣ್ಣುವವರೊಬ್ಬರು ಮೊದಲು ಬಂದವನಿಗೆ, "ನನಗೆ ಸಿಹಿ ಬೇಡ" ಎಂದಿರುತ್ತಾರೆ. ಮುಂದಿನ ಸಲ ಬೇರೊಬ್ಬನು ಬಂದು ಹೋಳಿಗೆಯನ್ನು ಎಲೆಗೆ ಹಾಕಿಯೇಬಿಡುತ್ತಾನೆ. ಬಡಿಸುವವರು ಇಂಥ ಮಾತುಗಳನ್ನು ತಮ್ಮ ತಲೆಯಲ್ಲಿ ಇಟ್ಟುಕೊಂಡರೆ ಯಾರೊಬ್ಬರು ಮನೆಗೆ ಹೋದರೂ ಆ ನೆನಪು ಅವರ ಜತೆಯಲ್ಲೇ ಹೋಗುತ್ತದೆ. ಆದ್ದರಿಂದ ನೆನಪಿಡಬೇಕಾದುದನ್ನೆಲ್ಲ ಉಗ್ರಾಣದಲ್ಲಿರುವ ಪುಸ್ತಕದಲ್ಲಿ ಬರೆದಿಡಬೇಕು. ಯಾವ ಸರ್ವರೂ ತಾನೇ ಏನನ್ನೂ ಇಟ್ಟುಕೊಳ್ಳಕೂಡದು. ಹೀಗೆ ಮಾಡಿದರೆ ಸರ್ವರನ್ನು ಯಾವ ಗಳಿಗೆಯಲ್ಲಾದರೂ ಸೇರಿಸಬಹುದು, ಯಾವ ಗಳಿಗೆಯಲ್ಲಾದರೂ ತೆಗೆಯಬಹುದು. ಬೆಳೆಯಬಲ್ಲ ವ್ಯವಸ್ಥೆಯ ಗುಟ್ಟು ಬಹುಮಟ್ಟಿಗೆ ಇಷ್ಟೇ. ಉಳಿದ ಕಷ್ಟವೆಲ್ಲ ಉಗ್ರಾಣದ್ದು, ಅಂದರೆ ಡೇಟಾಬೇಸಿನದು.

ಬಡಿಸುವವರನ್ನು ಹೆಚ್ಚಿಸುವುದಕ್ಕೂ ಹೊತ್ತು ಬೇಕು ಎಂಬುದನ್ನು ಹೊಸಬರು ಮರೆಯುತ್ತಾರೆ. 'ಜನ ಬಂದಂತೆಲ್ಲ ಸರ್ವರುಗಳು ತಾವಾಗಿಯೇ ಹೆಚ್ಚುತ್ತವೆ' ಎಂಬ ಮಾತನ್ನು ನಂಬಿ ಅವರು ನಿಶ್ಚಿಂತರಾಗಿರುತ್ತಾರೆ. ಹೊಸ ಸರ್ವರೊಂದು ಎದ್ದು, ತನ್ನ ಪ್ರೋಗ್ರಾಮನ್ನು ತೆರೆದು, ಬ್ಯಾಲೆನ್ಸರಿನ ಪ್ರಶ್ನೆಗೆ ಸರಿಯಾದ ಉತ್ತರ ಕೊಡುವ ಹೊತ್ತಿಗೆ ಕೆಲವು ನಿಮಿಷಗಳೇ ಹಿಡಿಯಬಹುದು. ಜನರಿಗೆ ಅಷ್ಟು ತಾಳ್ಮೆಯಿಲ್ಲ. ಇದಕ್ಕೆ ನಮ್ಮ ದೇಶದಲ್ಲೇ ಒಳ್ಳೆಯ ದೃಷ್ಟಾಂತವಿದೆ. 2019ರ ಜುಲೈ ತಿಂಗಳಲ್ಲಿ ಮ್ಯಾಂಚೆಸ್ಟರಿನಲ್ಲಿ ಭಾರತ ಮತ್ತು ನ್ಯೂಜಿಲೆಂಡ್ ತಂಡಗಳ ನಡುವೆ ವಿಶ್ವಕಪ್ಪಿನ ಸೆಮಿಫೈನಲ್ ಪಂದ್ಯ ನಡೆಯಿತು. ಮಳೆಯಿಂದಾಗಿ ಅದು ಎರಡನೆಯ ದಿನಕ್ಕೂ ಸಾಗಿತು. ಅದನ್ನು ಅಂತರ್ಜಾಲದಲ್ಲಿ ತೋರಿಸುತ್ತಿದ್ದ ಹಾಟ್‌ಸ್ಟಾರ್ ಸಂಸ್ಥೆಯ ಸರ್ವರುಗಳ ಮುಂದೆ ಒಂದು ಹಂತದಲ್ಲಿ 2 ಕೋಟಿ 53 ಲಕ್ಷ ವೀಕ್ಷಕರು ಏಕಕಾಲದಲ್ಲಿ ಕುಳಿತಿದ್ದರು. ಧೋನಿಯವರು ರನ್ ಔಟ್ ಆದರು. ಬೇಸರಗೊಂಡ ಜನ ಎದ್ದುಹೋದರು. ಸರ್ವರುಗಳ ಭಾರ ಇಳಿಯಿತು ಎಂದು ನೀವು ಭಾವಿಸಬಹುದು. ವಾಸ್ತವವಾಗಿ ಅಪಾಯದ ಗಳಿಗೆ ಅದೇ. ಪಂದ್ಯದಿಂದ ಹಿಂದಕ್ಕೆ ಬಂದವರೆಲ್ಲ ಸೈಟಿನ ಮೊದಲ ಪುಟಕ್ಕೆ ಬಂದು ಬೀಳುತ್ತಾರೆ. ಆ ಪುಟವನ್ನು ಪ್ರತಿಯೊಬ್ಬರಿಗೂ ಅವರವರ ಅಭಿರುಚಿಗೆ ತಕ್ಕಂತೆ ಹೊಸದಾಗಿ ಸಿದ್ಧಪಡಿಸಬೇಕಾಗುತ್ತದೆ. ಒಂದೇ ಚಿತ್ರವನ್ನು ಎಲ್ಲರಿಗೂ ಹಂಚುವುದಕ್ಕಿಂತ ಇದು ಹೆಚ್ಚು ಶ್ರಮದ ಕೆಲಸ. ಜಾತ್ರೆಯಲ್ಲಿ ರಥ ನಿಂತೊಡನೆ ಜನವೆಲ್ಲ ಒಂದೇ ಓಣಿಗೆ ನುಗ್ಗುವಂತೆ.

ಆ ಸಂಸ್ಥೆಯ ಇಂಜಿನಿಯರುಗಳು ಇದನ್ನು ಹೇಗೆ ನಿಭಾಯಿಸಿದರೆಂಬುದನ್ನು ಅವರೇ ಬಹಿರಂಗವಾಗಿ ಹೇಳಿದ್ದಾರೆ. ತಾವಾಗಿಯೇ ಹೆಚ್ಚುವ ಏರ್ಪಾಟನ್ನು ಅವರು ನೆಚ್ಚಲಿಲ್ಲ. ಜನ ಬರುವ ಮೊದಲೇ ಸರ್ವರುಗಳನ್ನು ಎಬ್ಬಿಸಿಟ್ಟುಕೊಂಡಿದ್ದರು. ಪಂದ್ಯಗಳಿಗೆ ಮುನ್ನ ಕೃತಕ ಜನಸಂದಣಿಯನ್ನು ತಾವೇ ಸೃಷ್ಟಿಸಿ, ತಮ್ಮ ವ್ಯವಸ್ಥೆ ಎಲ್ಲಿ ಮುರಿಯುತ್ತದೆಂದು ನೋಡಿಕೊಂಡಿದ್ದರು. ಮುಂದೆ 2023ರ ನವೆಂಬರ್ 19ರಂದು ಅಹಮದಾಬಾದಿನ ಅಂತಿಮ ಪಂದ್ಯದ ದಿನ ಈ ಸಂಖ್ಯೆ 5 ಕೋಟಿ 90 ಲಕ್ಷಕ್ಕೆ ಮುಟ್ಟಿತು.

ಈಗ ಪರೀಕ್ಷೆಯ ಫಲಿತಾಂಶಕ್ಕೆ ಹಿಂದಿರುಗೋಣ. ಕ್ರಿಕೆಟ್ಟಿನಲ್ಲಿ ಯಾವ ಚೆಂಡಿಗೆ ಯಾರು ಔಟಾಗುವರೆಂದು ಯಾರೂ ಬಲ್ಲವರಿಲ್ಲ. ಫಲಿತಾಂಶದ ವಿಷಯದಲ್ಲಾದರೋ ದಿನ ಗೊತ್ತು, ಗಂಟೆ ಗೊತ್ತು, ಪರೀಕ್ಷೆಗೆ ಕುಳಿತವರ ಸಂಖ್ಯೆ ಕೊನೆಯ ಅಂಕಿಯವರೆಗೂ ಗೊತ್ತು. ಲೆಕ್ಕ ಹಾಕಿ ನೋಡೋಣ. ಹತ್ತು ಲಕ್ಷ ವಿದ್ಯಾರ್ಥಿಗಳಿದ್ದಾರೆನ್ನಿ. ಒಬ್ಬೊಬ್ಬರ ಅಂಕಪಟ್ಟಿಗೆ ಎರಡು ಕಿಲೋಬೈಟ್ ಸಾಕು. ಒಟ್ಟು ಸುಮಾರು ಎರಡು ಗಿಗಾಬೈಟ್. ಜೇಬಿನಲ್ಲಿಡುವ ಪೆನ್ ಡ್ರೈವಿನ ಒಂದು ಮೂಲೆಗೂ ಇದು ಸಾಲದು! ಒಮ್ಮೆ ಪ್ರಕಟವಾದ ಮೇಲೆ ಅಂಕಿಗಳು ಆ ದಿನ ಬದಲಾಗುವಂಥವೂ ಅಲ್ಲ. ಹತ್ತು ಲಕ್ಷ ಪುಟಗಳನ್ನು ಹಿಂದಿನ ರಾತ್ರಿಯೇ ಸಿದ್ಧಮಾಡಿ, ಹಲವು ಊರುಗಳ ಸರ್ವರುಗಳಲ್ಲಿ ಪ್ರತಿ ತೆಗೆದಿಟ್ಟು, ಗೊತ್ತಾದ ಗಳಿಗೆಗೆ ಬಾಗಿಲು ತೆರೆದರೆ ಡೇಟಾಬೇಸಿನ ಗೊಡವೆಯೇ ಇಲ್ಲ. ಒಬ್ಬರ ಪುಟವನ್ನು ಇನ್ನೊಬ್ಬರು ನೋಡದಂತೆ ತಡೆಯುವ ಕಾವಲು ಬೇಕು, ಆದರೆ ಅದೇನೂ ಭಾರಿ ಕೆಲಸವಲ್ಲ. ಹೀಗಿದ್ದೂ ಪ್ರತಿಯೊಬ್ಬನ ಪ್ರಶ್ನೆಗೂ ಉಗ್ರಾಣದ ಬಾಗಿಲು ತಟ್ಟುವಂತೆ ಕಟ್ಟಿ, ಅದು ಕುಸಿದಾಗ ಜನಸಂದಣಿಯನ್ನು ದೂರುವುದು ಸರಿಯಲ್ಲ. ದೋಷವಿರುವುದು ಸಂದಣಿಯಲ್ಲಲ್ಲ, ಕಟ್ಟಿದ ರೀತಿಯಲ್ಲಿ.

ಇದು ಬೆಳೆಯುವ ವಿಚಾರವಾಯಿತು. ಬೀಳದಿರುವ ವಿಚಾರ ಇದಕ್ಕಿಂತ ಸೂಕ್ಷ್ಮವಾದುದು. ಅಲ್ಲಿ ನಮ್ಮ ಓದುಗರು ಕಾಲೇಜಿನಲ್ಲಿ ಕಲಿತ ಸಂಭವನೀಯತೆಯ ಗಣಿತ ಕೆಲಸಕ್ಕೆ ಬರುತ್ತದೆ. ಒಂದು ಸರ್ವರು ನೂರಕ್ಕೆ 99 ಪಾಲು ಹೊತ್ತು ಚೆನ್ನಾಗಿ ನಡೆಯುತ್ತದೆಂದು ಇಟ್ಟುಕೊಳ್ಳೋಣ. ಕೇಳುವುದಕ್ಕೆ ಸೊಗಸಾಗಿದೆ, ಆದರೆ ಉಳಿದ ಒಂದು ಪಾಲೆಂದರೆ ವರ್ಷಕ್ಕೆ ಮೂರೂವರೆ ದಿನಕ್ಕೂ ಹೆಚ್ಚು. ಈಗ ಅಂಥವೇ ಎರಡನ್ನು ಇಟ್ಟು, ಒಂದು ಬಿದ್ದರೆ ಇನ್ನೊಂದು ಕೆಲಸ ಮಾಡುವಂತೆ ಏರ್ಪಡಿಸೋಣ. ಎರಡೂ ಒಮ್ಮೆಗೇ ಬಿದ್ದಿರುವ ಸಂಭವ ನೂರರಲ್ಲೊಂದರ ನೂರನೆಯ ಒಂದು ಪಾಲು, ಎಂದರೆ ಹತ್ತು ಸಾವಿರದಲ್ಲೊಂದು. ಇದು ವರ್ಷಕ್ಕೆ ಸುಮಾರು 53 ನಿಮಿಷ. ಮೂರನ್ನು ಇಟ್ಟರೆ ಸುಮಾರು 32 ಸೆಕೆಂಡು ಮಾತ್ರ! ಸಾಧಾರಣ ಯಂತ್ರಗಳನ್ನು ಗುಂಪುಗೂಡಿಸಿ ಅಸಾಧಾರಣವಾದ ಭರವಸೆಯನ್ನು ಪಡೆಯಬಹುದೆಂಬ ಈ ಗುಣಾಕಾರವೇ ಇಡೀ ವ್ಯಾಪಾರದ ತಳಹದಿ.

ಆದರೆ ಗುಣಾಕಾರಕ್ಕೆ ಒಂದು ಷರತ್ತುಂಟು. ಎರಡು ಘಟನೆಗಳು ಪರಸ್ಪರ ಸ್ವತಂತ್ರವಾಗಿದ್ದರೆ ಮಾತ್ರ ಅವುಗಳ ಸಂಭವನೀಯತೆಗಳನ್ನು ಹೀಗೆ ಗುಣಿಸಬಹುದು. ಪಠ್ಯಪುಸ್ತಕದಲ್ಲಿ ಈ ಷರತ್ತು ಒಂದು ಸಾಲಿನಲ್ಲಿ ಬಂದು ಹೋಗುತ್ತದೆ. ಪರೀಕ್ಷೆಗೆ ಅದು ಮುಖ್ಯವಲ್ಲವೆಂದು ಹುಡುಗರು ದಾಟಿಹೋಗುತ್ತಾರೆ. ಎರಡು ಸರ್ವರುಗಳೂ ಒಂದೇ ಕಟ್ಟಡದಲ್ಲಿ, ಒಂದೇ ವಿದ್ಯುತ್ ತಂತಿಯ ಆಸರೆಯಲ್ಲಿ, ಒಬ್ಬನೇ ಮನುಷ್ಯನ ಕೈಕೆಳಗೆ ಇದ್ದರೆ ಅವು ಸ್ವತಂತ್ರವಲ್ಲ. ಎರಡನ್ನೂ ಒಟ್ಟಿಗೆ ಕೆಡವುವ ಕಾರಣವೊಂದು ಸಾವಿರದಲ್ಲೊಂದು ಪಾಲು ಹೊತ್ತು ಇರುತ್ತದೆನ್ನಿ. ಅದೊಂದರಿಂದಲೇ ವರ್ಷಕ್ಕೆ ಒಂಬತ್ತು ಗಂಟೆಗಳ ಹತ್ತಿರ ನಷ್ಟ; ನಾವು ಹೆಮ್ಮೆಯಿಂದ ಲೆಕ್ಕ ಹಾಕಿದ 53 ನಿಮಿಷದ ಹತ್ತು ಪಟ್ಟು. ಮೂರನೆಯ ಸರ್ವರನ್ನೂ ನಾಲ್ಕನೆಯದನ್ನೂ ಅದೇ ಕಟ್ಟಡದಲ್ಲಿ ಸೇರಿಸಿದರೆ ಈ ನಷ್ಟ ಒಂದು ನಿಮಿಷವೂ ಕಡಿಮೆಯಾಗದು. ಬಾಡಿಗೆ ಮಾತ್ರ ಹೆಚ್ಚುತ್ತದೆ. 'ಮೋಡ' ಎಂಬ ಹೆಸರಿನ ಕೇಡು ಇದೇ. ಮೋಡಕ್ಕೆ ಚಾವಣಿಯಿಲ್ಲ, ತಂತಿಯಿಲ್ಲ, ಬೆಂಕಿ ಹತ್ತುವುದಿಲ್ಲ. ಸರ್ವರಿಗೆ ಇವೆಲ್ಲವೂ ಇವೆ.

ಫ್ರಾನ್ಸ್ ದೇಶದ ಸ್ಟ್ರಾಸ್‌ಬರ್ಗ್ ನಗರದಲ್ಲಿ, ರೈನ್ ನದಿಯ ಬಂದರಿನ ಬಳಿ, ಓವಿಎಚ್ ಎಂಬ ದೊಡ್ಡ ಸಂಸ್ಥೆಯ ಡೇಟಾ ಸೆಂಟರುಗಳು ಒಂದರ ಮಗ್ಗುಲಲ್ಲಿ ಒಂದರಂತೆ ನಾಲ್ಕಿದ್ದುವು. 2021ರ ಮಾರ್ಚ್ 10ರಂದು ಮಧ್ಯರಾತ್ರಿ ಕಳೆದು ಒಂದು ಗಂಟೆಯೊಳಗೆ ಎರಡನೆಯ ಕಟ್ಟಡದಲ್ಲಿ ಬೆಂಕಿ ಕಾಣಿಸಿಕೊಂಡಿತು. ಆ ಕಟ್ಟಡ ಐದು ಅಂತಸ್ತಿನದು. ಯಂತ್ರಗಳನ್ನು ತಂಪಾಗಿಡಲು ಹೊರಗಿನ ಗಾಳಿ ತಾನಾಗಿಯೇ ಒಳಹೊಕ್ಕು ಮೇಲೇರುವಂತೆ ಅದನ್ನು ಕಟ್ಟಲಾಗಿತ್ತು. ವಿದ್ಯುತ್ತಿನ ಖರ್ಚನ್ನು ಉಳಿಸುವ ಜಾಣತನದ ಏರ್ಪಾಟು. ಬೆಂಕಿ ಬಿದ್ದಾಗ ಅದೇ ಏರ್ಪಾಟು ಒಲೆಯ ಚಿಮಣಿಯಾಯಿತು. ತಾನಾಗಿಯೇ ಬೆಂಕಿ ನಂದಿಸುವ ವ್ಯವಸ್ಥೆ ಅಲ್ಲಿರಲಿಲ್ಲ. ಎಲ್ಲ ವಿದ್ಯುತ್ತನ್ನೂ ಒಂದೇ ಏಟಿಗೆ ಕಡಿಯುವ ಸ್ವಿಚ್ಚೂ ಇರಲಿಲ್ಲವೆಂದು ಆ ಮೇಲಿನ ವರದಿಗಳು ಹೇಳಿದುವು. ನೂರಕ್ಕೂ ಹೆಚ್ಚು ಮಂದಿ ಅಗ್ನಿಶಾಮಕರು ಶ್ರಮಿಸಿದರೂ ಬೆಳಗಾಗುವ ವೇಳೆಗೆ ಎರಡನೆಯ ಕಟ್ಟಡ ಸಂಪೂರ್ಣವಾಗಿ ಸುಟ್ಟುಹೋಗಿತ್ತು. ಮೊದಲನೆಯ ಕಟ್ಟಡದ 12 ಕೋಣೆಗಳಲ್ಲಿ 4 ನಾಶವಾಗಿದ್ದುವು. ಸುಡದೆ ಉಳಿದ ಕಟ್ಟಡಗಳನ್ನೂ ವಿದ್ಯುತ್ ಕಡಿದು ನಿಲ್ಲಿಸಬೇಕಾಯಿತು. ಪುಣ್ಯಕ್ಕೆ ಯಾರಿಗೂ ಗಾಯವಾಗಲಿಲ್ಲ. ನೆಟ್‌ಕ್ರಾಫ್ಟ್ ಎಂಬ ಸಂಸ್ಥೆಯ ಎಣಿಕೆಯಂತೆ ಆ ರಾತ್ರಿ 36 ಲಕ್ಷ ವೆಬ್‌ಸೈಟುಗಳು ಕಣ್ಮರೆಯಾದುವು.

ಯಂತ್ರಗಳು ಸುಟ್ಟುಹೋದುದು ನಮ್ಮ ಆಸಕ್ತಿಯ ವಿಷಯವಲ್ಲ. ಬೆಂಕಿ ಎಲ್ಲಿಯಾದರೂ ಬೀಳಬಹುದು. ಆ ಮೇಲೆ ನಡೆದುದನ್ನು ಗಮನಿಸಬೇಕು. ಸಂಸ್ಥೆಯ ಸ್ಥಾಪಕರು ತಮ್ಮ ಗ್ರಾಹಕರಿಗೆ, ವಿಪತ್ತಿನ ಕಾಲಕ್ಕೆಂದು ನೀವು ಮಾಡಿಟ್ಟುಕೊಂಡಿರುವ ಏರ್ಪಾಟನ್ನು ಈಗ ಆರಂಭಿಸಿರಿ ಎಂದು ಸೂಚಿಸಿದರು. ಬೇರೆ ಊರಿನಲ್ಲಿ ಪ್ರತಿ ಇಟ್ಟುಕೊಂಡಿದ್ದವರು ಕೆಲವು ಗಂಟೆಗಳಲ್ಲೋ ಕೆಲವು ದಿನಗಳಲ್ಲೋ ಚೇತರಿಸಿಕೊಂಡರು. ಏರ್ಪಾಟೇ ಇಲ್ಲದಿದ್ದವರೂ ಇದ್ದರು. ಎಲ್ಲರಿಗಿಂತ ಕರುಣಾಜನಕವಾದುದು ಪ್ರತಿ ಇದೆಯೆಂದು ನಂಬಿದ್ದವರ ಸ್ಥಿತಿ. ಹಣ ಕೊಟ್ಟು ಎರಡನೆಯ ಪ್ರತಿಯನ್ನು ಇಡಿಸಿದ್ದ ಒಬ್ಬ ಗ್ರಾಹಕನ ಮೂಲವೂ ಪ್ರತಿಯೂ ಒಂದೇ ಕಟ್ಟಡದಲ್ಲಿದ್ದು ಒಟ್ಟಿಗೇ ಬೂದಿಯಾಗಿದ್ದುವು. ಆತ ನ್ಯಾಯಾಲಯಕ್ಕೆ ಹೋದನು. 2023ರಲ್ಲಿ ಲಿಲ್ ನಗರದ ವಾಣಿಜ್ಯ ನ್ಯಾಯಾಲಯವು ಅವನ ಪರವಾಗಿ ತೀರ್ಪು ಕೊಟ್ಟಿತು. ಅಷ್ಟಾದರೂ ಆಯಿತಲ್ಲ ಎನ್ನಬಹುದು. ಆದರೆ ತೀರ್ಪಿನಿಂದ ಹಣ ಬಂದೀತೇ ಹೊರತು ಸುಟ್ಟ ದಾಖಲೆ ಬಾರದು. ವಠಾರದ ನಾಲ್ಕನೆಯ ಮನೆಯ ಕಾಗದಪತ್ರಗಳ ನಕಲನ್ನು ಐದನೆಯ ಮನೆಯಲ್ಲಿ ಇಟ್ಟು ನೆಮ್ಮದಿಯಿಂದ ಮಲಗಿದ್ದವನ ಕಥೆಯಿದು.

ಒಟ್ಟಿಗೆ ಬೀಳಿಸಲು ಬೆಂಕಿಯೇ ಬೇಕೆಂದಿಲ್ಲ. ಬೆರಳು ತಪ್ಪಿದರೂ ಸಾಕು. 2017ರ ಫೆಬ್ರವರಿ 28ರಂದು ಅಮೆರಿಕದ ಉತ್ತರ ವರ್ಜೀನಿಯಾದಲ್ಲಿ ಅಮೆಜಾನ್ ಸಂಸ್ಥೆಯ ನೌಕರರೊಬ್ಬರು ಲೆಕ್ಕಪತ್ರದ ವ್ಯವಸ್ಥೆಯ ನಿಧಾನಗತಿಯನ್ನು ಪರಿಶೀಲಿಸುತ್ತ, ಕೆಲವೇ ಸರ್ವರುಗಳನ್ನು ತೆಗೆಯಲೆಂದು ಆಜ್ಞೆಯೊಂದನ್ನು ಟೈಪು ಮಾಡಿದರು. ಅದರಲ್ಲಿ ತಪ್ಪಾಯಿತು, ಉದ್ದೇಶಿಸಿದುದಕ್ಕಿಂತ ಬಹಳ ಹೆಚ್ಚು ಸರ್ವರುಗಳು ಹೋದುವು. ಆ ಪ್ರದೇಶದ ಎಸ್3 ಎಂಬ ಸಂಗ್ರಹ ವ್ಯವಸ್ಥೆ ನಾಲ್ಕು ಗಂಟೆಗಳಿಗೂ ಹೆಚ್ಚು ಕಾಲ ಸರಿಯಾಗಲಿಲ್ಲ. ಅದನ್ನು ನಂಬಿದ್ದ ಅಸಂಖ್ಯಾತ ಸೈಟುಗಳೂ ನಿಂತುವು. ಇದರಲ್ಲಿ ನಗು ಬರಿಸುವ ಸಂಗತಿಯೊಂದುಂಟು. ಯಾವ ವ್ಯವಸ್ಥೆ ಹೇಗಿದೆಯೆಂದು ಜನರಿಗೆ ತಿಳಿಸುವ ಸಂಸ್ಥೆಯ ಫಲಕವೇ ಎಸ್3ನ ಆಸರೆಯಲ್ಲಿತ್ತು! ಹೀಗಾಗಿ ಎಲ್ಲವೂ ಕೆಟ್ಟಿದ್ದಾಗ ಅದನ್ನು ಫಲಕದ ಮೇಲೆ ಬರೆಯಲು ಕೆಲವು ಹೊತ್ತು ಅವರಿಗೆ ಸಾಧ್ಯವಾಗಲಿಲ್ಲ. ಜಗತ್ತಿನ ನುರಿತ ಇಂಜಿನಿಯರುಗಳ ಕಣ್ಣಿಗೂ ಇಂಥ ಗುಪ್ತ ಅವಲಂಬನೆ ಬೀಳದೆ ಹೋಗುತ್ತದೆಂದ ಮೇಲೆ ನಮ್ಮ ಕಣ್ಣಿಗೆ ತಾನಾಗಿಯೇ ಬೀಳುವುದೆಂದು ನಂಬುವಂತಿಲ್ಲ.

ಹಾಗಿದ್ದರೆ ಎರಡನೆಯ ಪ್ರತಿಯನ್ನು ಬಹುದೂರ ಇಟ್ಟರಾಯಿತು ಎನ್ನುವಿರೇನು? ಅಲ್ಲಿ ಭೌತಶಾಸ್ತ್ರ ಅಡ್ಡ ಬರುತ್ತದೆ. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ವೇಗದಲ್ಲಿ ಸಾಗುತ್ತದೆ. ಬೆಂಗಳೂರಿನಿಂದ ದೆಹಲಿಯ ಸಮೀಪಕ್ಕೆ ನೇರ ದೂರ ಸುಮಾರು 1,700 ಕಿಲೋಮೀಟರ್. ಹೋಗಿ ಬರುವುದಕ್ಕೆ, ತಂತಿ ನೆಟ್ಟಗಿದ್ದರೂ ಕೂಡ, 17 ಮಿಲಿಸೆಕೆಂಡು ಬೇಕು. ಪ್ರತಿಯೊಂದು ಬರವಣಿಗೆಯನ್ನೂ ದೂರದ ಪುಸ್ತಕದಲ್ಲಿ ಬರೆದು, 'ಬರೆದೆ' ಎಂಬ ಉತ್ತರ ಬಂದ ಮೇಲೆಯೇ ಮುಂದಿನದಕ್ಕೆ ಕೈ ಹಾಕುವುದಾದರೆ ಒಂದೇ ಸಾಲಿನಲ್ಲಿ ಸೆಕೆಂಡಿಗೆ 60 ಬರವಣಿಗೆಗಳೂ ಆಗಲಾರವು. ಉತ್ತರಕ್ಕೆ ಕಾಯದೆ ಮುಂದುವರಿದರೆ ವೇಗ ಸಿಗುತ್ತದೆ. ಆದರೆ ಇಲ್ಲಿ ಬೆಂಕಿ ಬಿದ್ದ ಗಳಿಗೆಯಲ್ಲಿ ದಾರಿಯಲ್ಲಿದ್ದ ಬರವಣಿಗೆಗಳು ಕಳೆದುಹೋಗುತ್ತವೆ. ಎರಡನ್ನೂ ಒಟ್ಟಿಗೆ ಪಡೆಯುವ ಉಪಾಯವನ್ನು ಯಾವ ಕಂಪನಿಯೂ ಮಾರಲಾರದು, ಏಕೆಂದರೆ ಬೆಳಕಿಗೆ ಲಂಚ ಕೊಡುವಂತಿಲ್ಲ. ಆದ್ದರಿಂದ ಬಹುಮಂದಿ ನಡುದಾರಿ ಹಿಡಿಯುತ್ತಾರೆ: ಕೆಲವು ಹತ್ತು ಕಿಲೋಮೀಟರ್ ದೂರದ ಬೇರೆ ಕಟ್ಟಡದಲ್ಲಿ ಕಾದು ಬರೆಯುವ ಪ್ರತಿ, ಬಹುದೂರದ ಊರಿನಲ್ಲಿ ಕಾಯದೆ ಬರೆಯುವ ಇನ್ನೊಂದು ಪ್ರತಿ. ದೂರವನ್ನು ಬೇಕೆಂದೇ ಆರಿಸಿಕೊಂಡ ಉದಾಹರಣೆ ನಮ್ಮಲ್ಲಿಯೂ ಇದೆ. ಆಧಾರ್ ಪ್ರಾಧಿಕಾರದ ಡೇಟಾ ಸೆಂಟರುಗಳಲ್ಲಿ ಒಂದು ಬೆಂಗಳೂರಿನ ಹೆಬ್ಬಾಳದಲ್ಲಿದೆ, ಇನ್ನೊಂದು ಹರಿಯಾಣದ ಮಾನೇಸರದಲ್ಲಿದೆ.

ಇಷ್ಟೆಲ್ಲ ಮಾಡಿದವರಿಗೂ ಒಂದು ಸಂದೇಹ ಉಳಿಯುತ್ತದೆ: ನಿಜವಾಗಿ ಬಿದ್ದಾಗ ಎರಡನೆಯದು ಎದ್ದೀತೆ? ನೆಟ್‌ಫ್ಲಿಕ್ಸ್ ಸಂಸ್ಥೆಯು ಇದಕ್ಕೆ ಕಂಡುಕೊಂಡ ಉಪಾಯವನ್ನು ಕೇಳಿದಾಗ ಮೊದಲು ನಮಗೆ ಅದು ಹುಚ್ಚೆಂದೇ ತೋರಿತು. 2008ರಲ್ಲಿ ಅದರ ಡೇಟಾಬೇಸು ಕೆಟ್ಟು ಮೂರು ದಿನ ವ್ಯಾಪಾರ ನಿಂತಿತ್ತು. ಆ ಬಳಿಕ ಬಾಡಿಗೆಯ ವರ್ಚುವಲ್ ಸರ್ವರುಗಳಿಗೆ ದಾಟಿಕೊಂಡ ಆ ಸಂಸ್ಥೆಯವರು ತಮ್ಮದೇ ಸರ್ವರುಗಳನ್ನು ಹಗಲು ಹೊತ್ತಿನಲ್ಲಿ, ಕೆಲಸದ ವೇಳೆಯಲ್ಲಿ, ಮನಬಂದಂತೆ ಕೊಲ್ಲುವ ಪ್ರೋಗ್ರಾಮೊಂದನ್ನು ಬರೆದರು. ಅದಕ್ಕೆ ಅವರಿಟ್ಟ ಹೆಸರು ಕೇಆಸ್ ಮಂಕಿ. ಗೊಂದಲದ ಕೋತಿ ಎನ್ನೋಣ. ತೋಟಕ್ಕೆ ಕೋತಿ ಬರುವುದು ಹೇಗೂ ತಪ್ಪದು. ಇಂಜಿನಿಯರುಗಳು ಎಚ್ಚರವಾಗಿರುವ ಹೊತ್ತಿನಲ್ಲಿ ನಾವೇ ಅದನ್ನು ಬಿಟ್ಟರೆ ಬೇಲಿ ಎಲ್ಲಿ ಮುರಿದಿದೆಯೆಂದು ತಿಳಿಯುತ್ತದೆ. 2012ರಲ್ಲಿ ಆ ಪ್ರೋಗ್ರಾಮನ್ನು ಅವರು ಎಲ್ಲರಿಗೂ ಉಚಿತವಾಗಿ ಕೊಟ್ಟರು. ಈಗ ನಮಗೆ ಅದು ಹುಚ್ಚೆಂದು ತೋರುವುದಿಲ್ಲ. ಬೆಂಕಿಯ ಕವಾಯತನ್ನು ಎಂದೂ ಮಾಡದ ಶಾಲೆಯೇ ಹೆಚ್ಚು ವಿಚಿತ್ರ.

ಇದಕ್ಕೆಲ್ಲ ಹಣವೆಲ್ಲಿಂದ ಬರಬೇಕು ಎಂದು ಕೇಳುವವರಿದ್ದಾರೆ. ಆ ಪ್ರಶ್ನೆ ನ್ಯಾಯವಾದುದೇ. ಎಲ್ಲರಿಗೂ ಎಲ್ಲವೂ ಬೇಕೆಂದು ನಾವು ಹೇಳುತ್ತಿಲ್ಲ. ಹಳ್ಳಿಯ ವಾಚನಾಲಯದ ಸೈಟು ರಾತ್ರಿಯೆಲ್ಲ ಮಲಗಿ ಬೆಳಗ್ಗೆ ಎದ್ದರೆ ಯಾರಿಗೂ ನಷ್ಟವಿಲ್ಲ. ಅದಕ್ಕೆ ಒಂದು ಸರ್ವರು, ಬೇರೆಲ್ಲೋ ಇಟ್ಟ ಒಂದು ಪ್ರತಿ ಸಾಕು. ಆದರೆ ಗಡುವನ್ನು ವಿಧಿಸುವ ಸಂಸ್ಥೆಗೆ ಈ ವಿನಾಯಿತಿಯಿಲ್ಲ. 'ರಾತ್ರಿ ಹನ್ನೆರಡರೊಳಗೆ ಬಾ' ಎಂದು ಕರೆದವನು ಹನ್ನೆರಡರವರೆಗೆ ಬಾಗಿಲನ್ನು ತೆರೆದಿಡಬೇಕು. ಬಾಗಿಲು ಕೆಟ್ಟರೆ ಕೆಟ್ಟಷ್ಟು ಹೊತ್ತು ಗಡುವನ್ನು ಮುಂದೂಡಬೇಕು. ಇದಕ್ಕೆ ಒಂದು ಪೈಸೆಯ ಖರ್ಚೂ ಇಲ್ಲ. ಬಾಡಿಗೆಗೆ ಕೊಟ್ಟ ಕಂಪನಿಯೇ ಎಲ್ಲವನ್ನೂ ನೋಡಿಕೊಳ್ಳುತ್ತದೆಂಬ ಇನ್ನೊಂದು ವಾದವನ್ನು ನಾವು ಒಪ್ಪುವುದಿಲ್ಲ. ಸೇವೆ ನಿಂತರೆ ಬಾಡಿಗೆಯಲ್ಲಿ ಸ್ವಲ್ಪ ಸೋಡಿ ಕೊಡುವುದಾಗಿ ಕರಾರಿನಲ್ಲಿ ಸಾಮಾನ್ಯವಾಗಿ ಬರೆದಿರುತ್ತದೆ. ಆ ಹುಡುಗಿಯ ವರ್ಷವನ್ನು ಹಿಂದಿರುಗಿಸುವುದಾಗಿ ಯಾವ ಕರಾರಿನಲ್ಲಿಯೂ ಬರೆದಿರುವುದಿಲ್ಲ.

ಸಾರ್ವಜನಿಕ ಹಣದಿಂದ ಇಂಥ ವ್ಯವಸ್ಥೆಯನ್ನು ಕೊಳ್ಳುವವರು ಎಷ್ಟು ಸರ್ವರು, ಎಷ್ಟು ಗಿಗಾಬೈಟು ಎಂದು ಕೇಳುವುದಕ್ಕೆ ಮೊದಲು ಎರಡು ಪ್ರಶ್ನೆಗಳನ್ನು ಕೇಳಬೇಕೆಂಬುದು ನಮ್ಮ ಅಭಿಪ್ರಾಯ. ಎರಡನೆಯ ಪ್ರತಿ ಎಲ್ಲಿದೆ? ಮೊದಲನೆಯದನ್ನು ನಮ್ಮ ಕಣ್ಣೆದುರಿಗೆ ಆರಿಸಿ ತೋರಿಸುವಿರಾ? ಆರಿಸಿ ತೋರಿಸಲು ಹಿಂಜರಿಯುವವನ ವ್ಯವಸ್ಥೆಯನ್ನು ಕೊಳ್ಳದಿರುವುದೇ ಲೇಸು.

ನಮ್ಮ ವಿದ್ಯಾರ್ಥಿಗಳು ಇದನ್ನು ಓದಿಯೇ ತಿಳಿಯಬೇಕೆಂದಿಲ್ಲ. ಕಾಲೇಜಿನ ಪ್ರಯೋಗಶಾಲೆಯ ಹಳೆಯ ಕಂಪ್ಯೂಟರೊಂದು ಸಿಕ್ಕರೆ ಒಂದು ಭಾನುವಾರದಲ್ಲಿ ಮಾಡಿ ನೋಡಬಹುದು. ಲಿನಕ್ಸಿನಲ್ಲಿ 2007ರಿಂದಲೂ ಕೆವಿಎಂ ಎಂಬ ಹೈಪರ್‌ವೈಸರ್ ಸೇರಿಕೊಂಡೇ ಬರುತ್ತದೆ, ಅದಕ್ಕೆ ಬೆಲೆಯಿಲ್ಲ. ಮೂರು ವರ್ಚುವಲ್ ಸರ್ವರುಗಳನ್ನು ಎಬ್ಬಿಸಿರಿ. ಎರಡರಲ್ಲಿ ಒಂದೇ ಪುಟವನ್ನಿಡಿರಿ. ಮೂರನೆಯದನ್ನು ಬಾಗಿಲಲ್ಲಿ ನಿಲ್ಲಿಸಿ ಬ್ಯಾಲೆನ್ಸರಿನ ಕೆಲಸ ಕೊಡಿರಿ. ಈಗ ಪುಟವನ್ನು ಮತ್ತೆ ಮತ್ತೆ ಕೇಳುತ್ತ, ನಡುವೆ ಒಂದು ಸರ್ವರನ್ನು ಕೊಂದುಬಿಡಿ. ಕ್ಷಣಕಾಲ ತಡವರಿಸಿ ಪುಟ ಮತ್ತೆ ಬರುತ್ತದೆ. ಆಗ ಆಗುವ ಸಂತೋಷ ಸಣ್ಣದಲ್ಲ. ಅನಂತರ ಬ್ಯಾಲೆನ್ಸರನ್ನೇ ಕೊಂದು ನೋಡಿರಿ. ಕೊನೆಗೆ ಎಲ್ಲವನ್ನೂ ಮತ್ತೆ ಎಬ್ಬಿಸಿ, ಮೇಜಿನ ಕೆಳಗೆ ಬಗ್ಗಿ, ಕಂಪ್ಯೂಟರಿನ ಪ್ಲಗ್ಗನ್ನು ಕಿತ್ತುಬಿಡಿ. ಮೂರೂ ಒಂದೇ ಉಸಿರಿಗೆ ಆರುತ್ತವೆ. ಆಗ ಪಕ್ಕದ ಮೇಜಿನ ಮಿತ್ರನ ಕಂಪ್ಯೂಟರನ್ನು ಎರವಲು ಕೇಳಬೇಕೆನಿಸುತ್ತದೆ. ಕೇಳುವ ಮೊದಲು ಅವನ ಪ್ಲಗ್ಗಿಗೆ ವಿದ್ಯುತ್ತು ಯಾವ ತಂತಿಯಿಂದ ಬಂದಿದೆಯೆಂದು ನೋಡಿಕೊಳ್ಳಿರಿ.